ಝೆಡ್ ಬೋಸಾನ್ ದ್ರವ್ಯರಾಶಿ ಮನೆಯಲ್ಲೇ ಅಳೆಯೋಣ: ಸರ್ನ್ ಡೇಟಾ, ಒಂದು ಸ್ಪ್ರೆಡ್‌ಶೀಟ್, ಒಂದಿಷ್ಟು ತಾಳ್ಮೆ

ಮೂಲಕಣವೊಂದರ ದ್ರವ್ಯರಾಶಿ ಅಳೆಯೋಕೆ ಜಿನೀವಾಗೆ ಟಿಕೆಟ್ ಬೇಕಿಲ್ಲ. ಅಲ್ಲಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ (ಎಲ್‌ಎಚ್‌ಸಿ) ಸಿಎಂಎಸ್ ಪ್ರಯೋಗ ದಾಖಲಿಸಿದ ಡಿಕ್ಕಿಗಳಲ್ಲಿ ಒಂದು ಭಾಗ, ಅಲ್ಲಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಓಪನ್ ಡೇಟಾ ಪೋರ್ಟಲ್‌ನಲ್ಲಿದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಪಿಯುಸಿ ಮಟ್ಟದ ಗಣಿತ, ಸಾಧಾರಣ ಲ್ಯಾಪ್‌ಟಾಪ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಇದ್ದರೆ ಸಾಕು. ಸಂಜೆ ಕಾಫಿ ಕುಡಿದು ಕೂತರೆ ರಾತ್ರಿ ಊಟದ ಹೊತ್ತಿಗೆ ಪರದೆ ಮೇಲೆ ಒಂದು ಗುಡ್ಡ ಏಳುತ್ತದೆ. ಅದರ ನೆತ್ತಿ 91 ಜಿಇವಿ (ಕಣಗಳ ಶಕ್ತಿಗೂ ದ್ರವ್ಯರಾಶಿಗೂ ಬಳಸುವ ಅಳತೆ) ಆಸುಪಾಸಿನಲ್ಲಿರುತ್ತದೆ. ಅದೇ ಝೆಡ್ ಬೋಸಾನ್, ನಿಸರ್ಗದ ದುರ್ಬಲ ಬಲವನ್ನು ಹೊತ್ತೊಯ್ಯುವ ಮೂಲಕಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಡ್ಡ ಎಬ್ಬಿಸೋದು ಸುಲಭ. ನೆತ್ತಿಯ ಸಂಖ್ಯೆ ಪಕ್ಕದಲ್ಲಿ ± ಹಾಕಿ ಇನ್ನೊಂದು ಸಂಖ್ಯೆ ಬರೆಯುತ್ತಾರಲ್ಲ, ಕಷ್ಟ ಇರೋದು ಅಲ್ಲಿ. ಬಹಳಷ್ಟು ಪಾಠಗಳು ಗುಡ್ಡ ಕಂಡ ತಕ್ಷಣ ಚಪ್ಪಾಳೆ ತಟ್ಟಿ ಮುಗಿಸಿಬಿಡುತ್ತವೆ. ಈ ಲೇಖನದ ಅರ್ಧ ಅಲ್ಲಿಂದ ಮುಂದಿನದು.

ಝೆಡ್ಡೇ ಯಾಕೆ?

ಉತ್ತರ ಗೊತ್ತಿರುವ ಲೆಕ್ಕದಿಂದ ಶುರು ಮಾಡೋದು ಒಳ್ಳೆಯದು, ಅಲ್ವಾ? ಝೆಡ್‌ನ ದ್ರವ್ಯರಾಶಿ ಈಗಾಗಲೇ ಲಕ್ಷಕ್ಕೆ ಎರಡು ಮೂರು ಪಾಲಿನಷ್ಟು ನಿಖರವಾಗಿ ಗೊತ್ತಿದೆ: 91.19 ಜಿಇವಿ. ನಿಮ್ಮ ವಿಧಾನದಲ್ಲಿ ಎಲ್ಲಿ ಐಬು ಇದೆ ಅಂತ ಅದೇ ಹೇಳುತ್ತದೆ.

ಎಷ್ಟು ಭಾರ ಅಂತ ಅಂದಾಜು ಬೇಕಾದರೆ: ಪ್ರೋಟಾನ್ 0.938 ಜಿಇವಿ. ಅಂದರೆ ಝೆಡ್ ಹೆಚ್ಚುಕಡಿಮೆ 97 ಪ್ರೋಟಾನ್‌ಗಳಷ್ಟು ಭಾರ. ಮಾಲಿಬ್ಡಿನಂ-98ರ ಒಂದು ಇಡೀ ಪರಮಾಣುವಿಗೆ ಬಹುತೇಕ ಸಮ. ಒಳಗೆ ಬೇರೇನೂ ಇಲ್ಲದ ಒಂದೇ ಒಂದು ಕಣಕ್ಕೆ ಇಷ್ಟು ಭಾರ!

1983ರಲ್ಲಿ ಸರ್ನ್‌ನಲ್ಲೇ ಇದು ಪತ್ತೆಯಾಯಿತು. ಮರುವರ್ಷವೇ ಕಾರ್ಲೋ ರುಬಿಯಾ ಮತ್ತು ಸೈಮನ್ ವಾನ್ ಡರ್ ಮೀರ್ ಅವರಿಗೆ ನೊಬೆಲ್ ಬಂತು. ಇದರ ಆಯುಷ್ಯ ಸೆಕೆಂಡಿನ 10ರ ಮೈನಸ್ 25ನೇ ಘಾತದ ಲೆಕ್ಕದಲ್ಲಿದೆ. ಹುಟ್ಟಿದ ಜಾಗದಲ್ಲೇ ಒಡೆದುಹೋಗುತ್ತದೆ. ಹಿಡಿದು ತೂಗುವ ಮಾತೇ ಇಲ್ಲ. ಆದರೆ ಒಡೆದಾಗ ಬಂದ ಕಣಗಳ ಶಕ್ತಿ ಮತ್ತು ಮೊಮೆಂಟಮ್ ಕೂಡಿಸಿದರೆ ಮೂಲ ಕಣದ್ದು ಎಷ್ಟಿತ್ತು ಅಂತ ಸಿಗುತ್ತದೆ. ಆ ಎರಡರಿಂದ ದ್ರವ್ಯರಾಶಿ ಹೊರಬರುತ್ತದೆ.

ನೂರು ಝೆಡ್‌ಗಳಲ್ಲಿ ಮೂರ್ನಾಲ್ಕು ಮಾತ್ರ ಒಂದು ಪ್ಲಸ್ ಮ್ಯುವಾನ್, ಒಂದು ಮೈನಸ್ ಮ್ಯುವಾನ್ ಆಗಿ ಒಡೆಯುತ್ತವೆ. ನಮಗೆ ಬೇಕಾದದ್ದು ಅವೇ. ಮ್ಯುವಾನ್ ಅಂದರೆ ಎಲೆಕ್ಟ್ರಾನ್‌ನ ಭಾರದ ಸೋದರ. ಅದು ಟನ್‌ಗಟ್ಟಲೆ ಕಬ್ಬಿಣ ದಾಟಿ ಹೊರಗಿನ ಚೇಂಬರ್‌ಗಳವರೆಗೂ ಹೋಗುತ್ತದೆ. ಬೇರೆ ಕಣಗಳು ಹೆಚ್ಚಿನವು ನಡುವೆಯೇ ನಿಂತುಬಿಡುತ್ತವೆ. ಹಾಗಾಗಿ ಗಲಾಟೆ ಕಡಿಮೆ, ಲೆಕ್ಕ ಚೊಕ್ಕ.

ಹೆಜ್ಜೆ 1: ಸರಿಯಾದ ಫೈಲ್ ಇಳಿಸಿಕೊಳ್ಳಿ

ಪೋರ್ಟಲ್‌ಗೆ ಹೋದವರು ಮೊದಲು ಕಂಗಾಲಾಗುವುದು ಅಲ್ಲಿನ ಡೇಟಾ ಗಾತ್ರ ನೋಡಿ. ಸಂಶೋಧಕರು ಬಳಸುವ ಕಚ್ಚಾ ಫೈಲ್‌ಗಳು ಟೆರಾಬೈಟ್ ಲೆಕ್ಕದಲ್ಲಿವೆ. ಅವುಗಳ ತಂಟೆ ಬೇಡ. ಶಿಕ್ಷಣಕ್ಕೆಂದು ತಯಾರಿಸಿದ ಸಿಎಸ್‌ವಿ ಫೈಲ್‌ಗಳಿವೆ. ಹುಡುಕುವ ಜಾಗದಲ್ಲಿ ಸಿಎಂಎಸ್, 2011, ಝೆಡ್ ಬೋಸಾನ್, ಸಿಎಸ್‌ವಿ ಎಂದು ಇಂಗ್ಲಿಷಿನಲ್ಲಿ ಹಾಕಿ. ಝೆಡ್‌ನಿಂದ ಎರಡು ಮ್ಯುವಾನ್ ಬಂದಿರಬಹುದಾದ ಸುಮಾರು 10,000 ಈವೆಂಟ್‌ಗಳ (ಅಂದರೆ ಡಿಕ್ಕಿಗಳ) ಫೈಲ್ ಸಿಗುತ್ತದೆ. ಪ್ರೋಟಾನ್‌ಗಳು 7 ಟಿಇವಿ (7,000 ಜಿಇವಿ) ಶಕ್ತಿಯಲ್ಲಿ ಡಿಕ್ಕಿ ಹೊಡೆದ ವರ್ಷದ ಡೇಟಾ ಅದು. ಸಿಮ್ಯುಲೇಷನ್ ಅಲ್ಲ, ನಿಜವಾದದ್ದು.

ಈ ಫೈಲನ್ನೇ ಹೇಳೋಕೆ ಕಾರಣ ಇದೆ. ಬೇರೆ ಕೆಲವು ಫೈಲ್‌ಗಳಲ್ಲಿ ಲೆಕ್ಕ ಮಾಡಿಟ್ಟ ದ್ರವ್ಯರಾಶಿಯ ಕಾಲಂ ಇರುತ್ತದೆ. ಇದರಲ್ಲಿ ಇಲ್ಲ. ನೀವೇ ಮಾಡಬೇಕು.

ಒಂದೊಂದು ಸಾಲು ಒಂದೊಂದು ಡಿಕ್ಕಿ. ಎರಡು ಮ್ಯುವಾನ್‌ಗಳಿಗೂ ಒಂದೇ ಬಗೆಯ ಕಾಲಂಗಳು. ಅವನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಪಿಟಿ ಅಂದರೆ ಪ್ರೋಟಾನ್ ಕಿರಣಕ್ಕೆ ಅಡ್ಡಲಾಗಿ ಇರುವ ಮೊಮೆಂಟಮ್, ಜಿಇವಿಯಲ್ಲಿ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಸ್ವಲ್ಪ ನಿಧಾನಿಸಿ ನೋಡಿ, ಮುಂದೆ ಇದೇ ನಮ್ಮನ್ನು ಕಾಡೋದು. ಸಿಎಂಎಸ್ ಒಳಗೆ 3.8 ಟೆಸ್ಲಾ ಅಯಸ್ಕಾಂತ ಕ್ಷೇತ್ರ ಇದೆ. ಅದರಲ್ಲಿ ಮ್ಯುವಾನ್ ದಾರಿ ಬಾಗುತ್ತದೆ. ಪಿಟಿ ಜಾಸ್ತಿ ಇದ್ದಷ್ಟೂ ಬಾಗು ಕಡಿಮೆ. ಝೆಡ್‌ನಿಂದ ಬರುವ ಮ್ಯುವಾನ್ ಸುಮಾರು 45 ಜಿಇವಿಯದ್ದು. ಅದರ ದಾರಿ ಸುಮಾರು 40 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಆದರೆ ಒಳಗಿನ ಸಿಲಿಕಾನ್ ಟ್ರ್ಯಾಕರ್ ಇರೋದು ಕೇವಲ 1.1 ಮೀಟರ್ ತ್ರಿಜ್ಯದಷ್ಟು. ಅಷ್ಟು ದೂರದಲ್ಲಿ ದಾರಿ ನೇರ ಗೆರೆಯಿಂದ ಬಾಗುವುದು ಹೆಚ್ಚೆಂದರೆ 4 ಮಿಲಿಮೀಟರ್. ನಿಮ್ಮ ಇಡೀ ಅಳತೆ ನಿಂತಿರೋದು ಈ 4 ಮಿಲಿಮೀಟರ್ ಮೇಲೆ.

ಈಟಾ ಅಂದರೆ ಕಣ ಕಿರಣದ ದಿಕ್ಕಿಗೆ ಎಷ್ಟು ವಾಲಿದೆ ಅನ್ನುವುದು. ನೆಟ್ಟಗೆ ಅಡ್ಡ ಹೋದರೆ 0. ಕಿರಣಕ್ಕೆ 10 ಡಿಗ್ರಿ ಹತ್ತಿರ ಬಂದರೆ 2.4. ಫೈ ಅಂದರೆ ಕಿರಣದ ಸುತ್ತ ಯಾವ ಕೋನದಲ್ಲಿ ಹೋಯಿತು ಅಂತ, ರೇಡಿಯನ್‌ನಲ್ಲಿ. ಕ್ಯೂ ಅಂದರೆ ಚಾರ್ಜ್, ಪ್ಲಸ್ 1 ಅಥವಾ ಮೈನಸ್ 1. ಡಿಎಕ್ಸ್‌ವೈ ಅಂದರೆ ಮ್ಯುವಾನ್ ದಾರಿ ಡಿಕ್ಕಿಯ ಜಾಗದಿಂದ ಎಷ್ಟು ಪಕ್ಕಕ್ಕೆ ಸರಿದಿದೆ ಅಂತ. ಐಸೋ ಅಂದರೆ ಮ್ಯುವಾನ್ ಸುತ್ತ ಬೇರೆ ಕಣಗಳ ಗುಂಪು ಎಷ್ಟಿದೆ ಅಂತ. ಒಂಟಿಯಾಗಿದ್ದರೆ ಸೊನ್ನೆ ಅಥವಾ ಅದರ ಹತ್ತಿರ.

ಹೆಜ್ಜೆ 2: ಉತ್ತರವನ್ನು ನಿಮ್ಮಿಂದಲೇ ಬಚ್ಚಿಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಕಲಿಯುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ನಿಮಗೆ 91.19 ಅಂತ ಗೊತ್ತು. ಅದು ತಲೆಯಲ್ಲಿ ಕೂತಿದ್ದರೆ ಕೈ ತಾನಾಗಿ ಅತ್ತ ಎಳೆಯುತ್ತದೆ. ಈವೆಂಟ್ ಆರಿಸಲು ಒಂದು ಮಿತಿ ಹಾಕಿದಾಗ 90.8 ಬಂದರೆ “ಛೇ, ಇದು ಸರಿಯಿಲ್ಲ” ಅನ್ನಿಸುತ್ತದೆ. ಇನ್ನೊಂದರಲ್ಲಿ 91.2 ಬಂದರೆ ಅಲ್ಲೇ ನಿಲ್ಲಿಸಿಬಿಡುತ್ತೀರಿ. ಯಾರೂ ಬೇಕೂಂತ ಮೋಸ ಮಾಡಲ್ಲ. ಆದರೂ ಹೀಗಾಗುತ್ತದೆ.

ಉಪಾಯ ಸರಳ. ಸ್ನೇಹಿತರಿಗೋ ಮನೆಯವರಿಗೋ ಫೈಲ್ ಕೊಡಿ. 0.98ರಿಂದ 1.02ರ ನಡುವೆ ತಮಗೆ ಇಷ್ಟ ಬಂದ ಒಂದು ಸಂಖ್ಯೆಯಿಂದ ಎರಡೂ ಪಿಟಿ ಕಾಲಂಗಳನ್ನು ಗುಣಿಸಿ ವಾಪಸ್ ಕೊಡಲಿ. ಸಂಖ್ಯೆ ಏನು ಅಂತ ಚೀಟಿಯಲ್ಲಿ ಬರೆದು ಅವರೇ ಇಟ್ಟುಕೊಳ್ಳಲಿ. ನಿಮ್ಮ ಕೆಲಸವೆಲ್ಲ ಮುಗಿದ ಮೇಲೆ ಚೀಟಿ ತೆರೆದು, ಬಂದ ದ್ರವ್ಯರಾಶಿಯನ್ನು ಆ ಸಂಖ್ಯೆಯಿಂದ ಭಾಗಿಸಿ. ಇದು ಮಕ್ಕಳಾಟ ಅಲ್ಲ. ಅಮೆರಿಕದ ಫರ್ಮಿಲ್ಯಾಬ್‌ನ ಸಿಡಿಎಫ್ ಗುಂಪು ಝೆಡ್‌ನ ಸೋದರ ಕಣ ಡಬ್ಲ್ಯು ಬೋಸಾನ್ ಅಳೆಯುವಾಗಲೂ ತನ್ನ ಉತ್ತರಕ್ಕೆ ಒಂದು ಗುಟ್ಟಿನ ಸಂಖ್ಯೆ ಸೇರಿಸಿ, ಎಲ್ಲ ತೀರ್ಮಾನ ಆದ ಮೇಲಷ್ಟೇ ಅದನ್ನು ತೆಗೆಯಿತು.

ಹೆಜ್ಜೆ 3: ಜರಡಿ ಹಿಡಿಯಿರಿ

ಕ್ಯೂ1 ಮತ್ತು ಕ್ಯೂ2 ಗುಣಿಸಿ. ಮೈನಸ್ 1 ಬಂದರೆ ಇಟ್ಟುಕೊಳ್ಳಿ, ಪ್ಲಸ್ 1 ಬಂದರೆ ಪಕ್ಕಕ್ಕೆ ಇಡಿ. ಝೆಡ್‌ಗೆ ಚಾರ್ಜ್ ಇಲ್ಲ, ಹಾಗಾಗಿ ಒಂದು ಪ್ಲಸ್ ಒಂದು ಮೈನಸ್ ಇರಲೇಬೇಕು. ಪಕ್ಕಕ್ಕೆ ಇಟ್ಟದ್ದನ್ನು ಅಳಿಸಬೇಡಿ. ಒಂದೇ ಚಾರ್ಜಿನ ಜೋಡಿ ಎಷ್ಟಿವೆ ಅನ್ನುವುದು ನಿಮ್ಮ ಡೇಟಾದಲ್ಲಿ ಕಸ ಎಷ್ಟಿದೆ ಅನ್ನೋದಕ್ಕೆ ಒಂದು ಅಂದಾಜು.

ಆಮೇಲೆ ಎರಡೂ ಪಿಟಿ 20 ಜಿಇವಿಗಿಂತ ಜಾಸ್ತಿ, ಈಟಾ ಮೈನಸ್ 2.1ರಿಂದ ಪ್ಲಸ್ 2.1ರ ಒಳಗೆ. ಐಸೋವನ್ನು ಪಿಟಿಯಿಂದ ಭಾಗಿಸಿದಾಗ 0.1ಕ್ಕಿಂತ ಕಡಿಮೆ. ಡಿಎಕ್ಸ್‌ವೈ ತೀರಾ ದೊಡ್ಡದಿದ್ದರೆ ಅದು ಆಕಾಶದಿಂದ ಇಳಿದ ಕಾಸ್ಮಿಕ್ ಮ್ಯುವಾನ್ ಇರಬಹುದು, ತೆಗೆಯಿರಿ. ಈ ಮಿತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗುಡ್ಡ ನೋಡಿದ ಮೇಲೆ ಬದಲಾಯಿಸಬಾರದು.

ಹೆಜ್ಜೆ 4: ಲೆಕ್ಕ

ಸೂತ್ರ ಇಷ್ಟೇ:

ದ್ರವ್ಯರಾಶಿ = ವರ್ಗಮೂಲ [ 2 × ಪಿಟಿ1 × ಪಿಟಿ2 × ( ಕಾಷ್(ಈಟಾ1 − ಈಟಾ2) − ಕಾಸ್(ಫೈ1 − ಫೈ2) ) ]

ಕಾಷ್ (COSH), ಕಾಸ್ (COS), ವರ್ಗಮೂಲ (SQRT) ಮೂರೂ ಸ್ಪ್ರೆಡ್‌ಶೀಟ್‌ನಲ್ಲಿ ಸಿದ್ಧವಾಗಿವೆ. ಕೋನ ರೇಡಿಯನ್‌ನಲ್ಲೇ ಇರೋದರಿಂದ ಪರಿವರ್ತನೆ ಬೇಡ. ಫೈ ವ್ಯತ್ಯಾಸ ಪೈ ದಾಟಿದರೂ ಚಿಂತೆ ಇಲ್ಲ, ಕಾಸ್ ಅದನ್ನು ತಾನೇ ನೋಡಿಕೊಳ್ಳುತ್ತದೆ.

ಸಾವಿರ ಸಾಲಿಗೆ ಎಳೆಯುವ ಮೊದಲು ಒಂದು ಸಾಲನ್ನು ಕೈಯಲ್ಲೇ ಮಾಡಿ ನೋಡಿ. ಪಿಟಿಗಳು 44 ಮತ್ತು 40 ಅಂದುಕೊಳ್ಳೋಣ. ಈಟಾ 0.5 ಮತ್ತು ಮೈನಸ್ 0.3, ವ್ಯತ್ಯಾಸ 0.8. ಫೈ 1.0 ಮತ್ತು ಮೈನಸ್ 2.0, ವ್ಯತ್ಯಾಸ 3.0. ಕಾಷ್ 0.8 ಅಂದರೆ 1.337. ಕಾಸ್ 3.0 ಅಂದರೆ ಮೈನಸ್ 0.990. ಕಳೆದರೆ 2.327. ಎರಡು ಸಲ 44 ಸಲ 40 ಅಂದರೆ 3,520. ಗುಣಿಸಿದರೆ ಸುಮಾರು 8,192. ವರ್ಗಮೂಲ 90.5 ಜಿಇವಿ. ನಿಮ್ಮ ಶೀಟ್ ಬೇರೆ ಉತ್ತರ ಕೊಟ್ಟರೆ ಬ್ರಾಕೆಟ್ ಎಣಿಸಿ ನೋಡಿ. ಸಾಮಾನ್ಯವಾಗಿ ಅಲ್ಲೇ ಎಡವೋದು.

ಈ ಸೂತ್ರದಲ್ಲಿ ಮ್ಯುವಾನ್‌ನ ಸ್ವಂತ ದ್ರವ್ಯರಾಶಿಯನ್ನು ಬಿಟ್ಟಿದ್ದೇವೆ. ಅದು 0.1057 ಜಿಇವಿ. 45 ಜಿಇವಿ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಝೆಡ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಇವಿಯಷ್ಟೂ ವ್ಯತ್ಯಾಸ ಬರಲ್ಲ. ಒಂದು ಎಂಇವಿ ಅಂದರೆ ಜಿಇವಿಯ ಸಾವಿರದಲ್ಲಿ ಒಂದು ಪಾಲು. ಆದರೆ ಈ ಮಾತು ನೆನಪಿರಲಿ, ಮುಂದೆ ಒಂದು ಕಡೆ ಇದೇ ಕಾಲಿಗೆ ತೊಡರುತ್ತದೆ.

ಹೆಜ್ಜೆ 5: ಗುಡ್ಡ ಎಬ್ಬಿಸಿ

60ರಿಂದ 120 ಜಿಇವಿವರೆಗೆ, ಒಂದೊಂದು ಜಿಇವಿ ಅಗಲದ ಕಂಬಗಳಲ್ಲಿ ಹಿಸ್ಟೋಗ್ರಾಂ ಹಾಕಿ. ಗುಡ್ಡ ಎದ್ದು ಬರುತ್ತದೆ.

ಈಗ ಅದರ ಆಕಾರ ನೋಡಿ. ಎಡ ಬಲ ಒಂದೇ ಥರ ಇರಲ್ಲ. ಎಡಗಡೆ ಬಾಲ ಉದ್ದ. ಕೆಲವು ಸಲ ಮ್ಯುವಾನ್ ಹೊರಡುವಾಗಲೇ ಒಂದು ಫೋಟಾನ್ ಉಗುಳುತ್ತದೆ. ಆ ಫೋಟಾನ್ ಒಯ್ದ ಶಕ್ತಿ ನಮ್ಮ ಸೂತ್ರಕ್ಕೆ ಕಾಣಿಸೋದೇ ಇಲ್ಲ. ಹಾಗಾಗಿ ಅಂಥ ಝೆಡ್‌ಗಳು ಇದ್ದದ್ದಕ್ಕಿಂತ ಹಗುರಾಗಿ ತೋರುತ್ತವೆ.

ಅಗಲವನ್ನೂ ಗಮನಿಸಿ. ಝೆಡ್ ಬೇಗ ಸಾಯುವುದರಿಂದ ಅದರ ದ್ರವ್ಯರಾಶಿಗೆ ಸಹಜವಾಗಿಯೇ ಒಂದು ಹರವು ಇದೆ, ಅರ್ಧ ಎತ್ತರದಲ್ಲಿ ಸುಮಾರು 2.5 ಜಿಇವಿ. ನಿಮ್ಮ ಗುಡ್ಡ ಅದಕ್ಕಿಂತ ಅಗಲ ಇರುತ್ತದೆ. ಹೆಚ್ಚಿನ ಪಾಲು ಡಿಟೆಕ್ಟರ್‌ನ ಮಸುಕು.

ಹೆಜ್ಜೆ 6: ನೆತ್ತಿ ಓದಿ

ಅತಿ ಎತ್ತರದ ಕಂಬ ಯಾವುದು ಅಂತ ನೋಡಿ ಬರೆದುಬಿಡೋದು ಸೋಮಾರಿ ದಾರಿ. ಕಂಬದ ಅಗಲಕ್ಕಿಂತ ನಿಖರವಾಗಿ ಏನೂ ಹೇಳಲಾಗುವುದಿಲ್ಲ. 86ರಿಂದ 96ರ ನಡುವಿನ ಈವೆಂಟ್‌ಗಳ ಸರಾಸರಿ ತೆಗೆಯುವುದು ಪರವಾಗಿಲ್ಲ, ಆದರೆ ಉದ್ದ ಬಾಲ ಸರಾಸರಿಯನ್ನು ಎಡಕ್ಕೆ ಎಳೆಯುತ್ತದೆ. ಸರಿಯಾದದ್ದು ಅಂದರೆ ಒಂದು ವಕ್ರರೇಖೆ ಕೂರಿಸುವುದು. ಸಂಶೋಧಕರು ಝೆಡ್‌ನ ಸಹಜ ಆಕಾರವಾದ ಬ್ರೈಟ್–ವಿಗ್ನರ್ ರೇಖೆಗೆ ಡಿಟೆಕ್ಟರ್‌ನ ಮಸುಕು ಬೆರೆಸಿ ಫಿಟ್ ಮಾಡುತ್ತಾರೆ. ಮನೆಯಲ್ಲಿ ನೆತ್ತಿಯ ಸುತ್ತ ಸಣ್ಣ ವ್ಯಾಪ್ತಿಯಲ್ಲಿ ಗಂಟೆ ಆಕಾರದ ಗೌಸಿಯನ್ ರೇಖೆ ಕೂರಿಸಿದರೂ ನಡೆಯುತ್ತದೆ. ಲಿಬ್ರೆಆಫೀಸ್‌ನ ಸಾಲ್ವರ್ ಸಾಕು. ಪೈಥಾನ್ ಬಲ್ಲವರಿಗೆ ಇನ್ನೂ ಸಲೀಸು.

ಈಗ ಮೊದಲ ±. ಗುಡ್ಡದ ಹರವನ್ನು (ಅರ್ಧ ಎತ್ತರದ ಅಗಲವಲ್ಲ, ಸ್ಟಾಂಡರ್ಡ್ ಡೀವಿಯೇಷನ್) ಈವೆಂಟ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಹರವು 2.5 ಜಿಇವಿ, ಈವೆಂಟ್ 8,000 ಅಂದುಕೊಂಡರೆ 0.03 ಜಿಇವಿ ಬರುತ್ತದೆ. ನೋಡಿ ಖುಷಿಯಾಗುತ್ತದೆ. ಮೂರು ಸಾವಿರದಲ್ಲಿ ಒಂದು ಪಾಲು!

ಅಷ್ಟು ಬೇಗ ಖುಷಿಪಡಬೇಡಿ. ಕಿಟಕಿ ಬದಲಾಯಿಸಿ ನೋಡಿ: 87ರಿಂದ 95, ಆಮೇಲೆ 84ರಿಂದ 98. ಉತ್ತರ ಎಷ್ಟು ಅಲುಗಾಡಿತು? 0.03ಕ್ಕಿಂತ ಜಾಸ್ತಿ ಅಲುಗಾಡಿದರೆ ಆ ± ನಿಮ್ಮ ಅಳತೆಯ ಬಗ್ಗೆ ಪೂರ್ತಿ ನಿಜ ಹೇಳುತ್ತಿಲ್ಲ. ಈವೆಂಟ್ ಎಷ್ಟು ಕೂಡಿಸಿದರೂ ಹೋಗದ ತಪ್ಪು ಇದು. ಇದನ್ನು ಬೇರೆ ಸಾಲಿನಲ್ಲಿ, ಎರಡನೇ ± ಅಂತ ಬರೆದಿಡಿ.

ಹೆಜ್ಜೆ 7: ಅಳತೆಗೋಲನ್ನೇ ಅಳೆಯಿರಿ

ಸಂತೆಯಲ್ಲಿ ತಕ್ಕಡಿ ಮೇಲೆ ಅನುಮಾನ ಬಂದರೆ ಏನು ಮಾಡುತ್ತೀರಿ? ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತೀರಿ. ಇಲ್ಲೂ ಅದೇ. ನಮ್ಮ ಕಲ್ಲಿನ ಹೆಸರು ಜೆ-ಸೈ.

1974ರ ನವೆಂಬರ್‌ನಲ್ಲಿ ಅಮೆರಿಕದ ಎರಡು ಗುಂಪುಗಳು, ಬರ್ಟನ್ ರಿಕ್ಟರ್ ಅವರದ್ದು ಮತ್ತು ಸ್ಯಾಮ್ಯುಯೆಲ್ ಟಿಂಗ್ ಅವರದ್ದು, ಬೇರೆ ಬೇರೆಯಾಗಿ ಕಂಡುಹಿಡಿದ ಕಣ ಅದು. ಅದೂ ಎರಡು ಮ್ಯುವಾನ್ ಆಗಿ ಒಡೆಯುತ್ತದೆ. ಅದರ ದ್ರವ್ಯರಾಶಿ 3.0969 ಜಿಇವಿ. ರಷ್ಯಾದ ನೊವೊಸಿಬಿರ್ಸ್ಕ್‌ನ ಕೊಲೈಡರ್‌ನಲ್ಲಿ ಇದನ್ನು ಬೇರೆಯದೇ ವಿಧಾನದಲ್ಲಿ, ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ನಿಖರವಾಗಿ ಅಳೆದಿದ್ದಾರೆ. ಸಹಜ ಹರವು 0.1 ಎಂಇವಿಗಿಂತ ಕಡಿಮೆ. ಹಾಗಾಗಿ ನಿಮ್ಮ ಹಿಸ್ಟೋಗ್ರಾಂನಲ್ಲಿ ಅದು ಅಗಲ ಕಂಡರೆ ಆ ಅಗಲವೆಲ್ಲ ಡಿಟೆಕ್ಟರ್‌ನದ್ದೇ.

ಪೋರ್ಟಲ್‌ನಲ್ಲಿ ಜೆ-ಸೈ ಮ್ಯುವಾನ್ ಫೈಲೂ ಇದೆ. ಇಳಿಸಿ, 0.02 ಜಿಇವಿ ಅಗಲದ ಕಂಬ ಹಾಕಿ. ಆದರೆ ಹಳೇ ಸೂತ್ರ ಬಳಸಬೇಡಿ! ಆಗ ಬಿಟ್ಟ ಮ್ಯುವಾನ್ ದ್ರವ್ಯರಾಶಿ ಇಲ್ಲಿ ಕನಿಷ್ಠ 7 ಎಂಇವಿ ಕಡಿಮೆ ತೋರಿಸುತ್ತದೆ, ಅಂದರೆ ಶೇಕಡಾ 0.2ಕ್ಕೂ ಜಾಸ್ತಿ. ನೀವು ಹುಡುಕುತ್ತಿರುವ ತಪ್ಪಿನಷ್ಟೇ ದೊಡ್ಡ ತಪ್ಪು. ಫೈಲ್‌ನಲ್ಲಿ ಶಕ್ತಿಯ ಕಾಲಂ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಒಟ್ಟು ಮೊಮೆಂಟಮ್ ಅಂದರೆ ಪಿಟಿ × ಕಾಷ್(ಈಟಾ). ಅದರ ವರ್ಗಕ್ಕೆ 0.10566ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಶಕ್ತಿ. ಎರಡು ಶಕ್ತಿಗಳನ್ನು ಕೂಡಿಸಿ. ಎರಡು ಮೊಮೆಂಟಮ್‌ಗಳನ್ನು ದಿಕ್ಕುವಾರು ಕೂಡಿಸಿ. ಮೊದಲನೆಯದರ ವರ್ಗದಿಂದ ಎರಡನೆಯದರ ವರ್ಗ ಕಳೆದು ವರ್ಗಮೂಲ ತೆಗೆಯಿರಿ.

ಉದಾಹರಣೆಗೆ, ನೆತ್ತಿ 3.0938 ಬಂತು ಅನ್ನಿ. ಸಾವಿರದಲ್ಲಿ ಒಂದು ಪಾಲು ಕಡಿಮೆ. ಹಾಗಾದರೆ ಝೆಡ್ ಉತ್ತರವನ್ನೂ ಸಾವಿರದಲ್ಲಿ ಒಂದು ಪಾಲು ಏರಿಸಿಬಿಡೋಣವೇ?

ತಾಳಿ. ತಪ್ಪು ಎಲ್ಲಿಂದ ಬಂತು ಅನ್ನೋದರ ಮೇಲೆ ಉತ್ತರ ನಿಂತಿದೆ. ಅಯಸ್ಕಾಂತ ಕ್ಷೇತ್ರದ ಲೆಕ್ಕ ತಪ್ಪಿದ್ದರೆ ಎಲ್ಲ ಪಿಟಿಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ. ಆಗ ಸಾವಿರದಲ್ಲಿ ಒಂದು ಪಾಲು ಅಂದರೆ ಝೆಡ್‌ನಲ್ಲಿ 91 ಎಂಇವಿ, ಏರಿಸಬಹುದು. ಆದರೆ ಮ್ಯುವಾನ್ ದಾರಿಯಲ್ಲಿ ಸಿಲಿಕಾನ್, ತಂತಿ, ಕೂಲಿಂಗ್ ಪೈಪ್ ದಾಟುವಾಗ ಕಳೆದುಕೊಂಡ ಶಕ್ತಿಯ ಲೆಕ್ಕ ತಪ್ಪಿದ್ದರೆ ಕಥೆ ಬೇರೆ. ಪಿಟಿ ಕಡಿಮೆ ಇರುವ ಜೆ-ಸೈ ಮ್ಯುವಾನ್‌ಗಳಿಗೆ ಅದು ಜೋರಾಗಿ ತಟ್ಟುತ್ತದೆ, ಝೆಡ್ ಮ್ಯುವಾನ್‌ಗಳಿಗೆ ತಟ್ಟೋದು ಅತ್ಯಲ್ಪ. ಮೂರನೆಯದು ಜೋಡಣೆಯ ತಪ್ಪು. ಸಿಲಿಕಾನ್ ಹಾಳೆಗಳು ನಾವು ಅಂದುಕೊಂಡ ಜಾಗದಿಂದ ಕೆಲವು ಮೈಕ್ರಾನ್ ಸರಿದಿದ್ದರೆ ಅದು ತೀರಾ ತಿರುವುಮುರುವು: ನೆಟ್ಟಗೆ ಹೋಗುವ ಝೆಡ್ ಮ್ಯುವಾನ್‌ಗಳಿಗೇ ಹೆಚ್ಚು ತಟ್ಟುತ್ತದೆ. ಆ 4 ಮಿಲಿಮೀಟರ್ ಬಾಗು ನೆನಪಿದೆಯಲ್ಲ? ಅದರ ಸಾವಿರದಲ್ಲಿ ಒಂದು ಪಾಲು ಅಂದರೆ 4 ಮೈಕ್ರಾನ್. ಸಾಲದ್ದಕ್ಕೆ ಪ್ಲಸ್ ಮ್ಯುವಾನ್ ಪಿಟಿ ಏರಿದರೆ ಮೈನಸ್‌ದು ಇಳಿಯುತ್ತದೆ.

ಹಾಗಾಗಿ ಜೆ-ಸೈಯಿಂದ ಝೆಡ್‌ಗೆ ನೇರ ಜಿಗಿಯಬೇಡಿ. ಬದಲಿಗೆ ಝೆಡ್ ಈವೆಂಟ್‌ಗಳನ್ನು ಪ್ಲಸ್ ಮ್ಯುವಾನ್‌ನ ಫೈ ಪ್ರಕಾರ ಎಂಟು ಹೋಳು ಮಾಡಿ. ಪ್ರತಿ ಹೋಳಿನಲ್ಲೂ ನೆತ್ತಿ ಹುಡುಕಿ, ಗ್ರಾಫ್ ಹಾಕಿ. ಸಪಾಟಾಗಿದ್ದರೆ ಒಳ್ಳೆಯದು. ಅಲೆಯಂತೆ ಏರಿಳಿದರೆ ಜೋಡಣೆಯ ವಾಸನೆ. ಈಟಾ ಪ್ರಕಾರವೂ ಇದೇ ಮಾಡಿ. ಎರಡು ಮ್ಯುವಾನ್‌ಗಳೂ ನಡುಭಾಗದಲ್ಲಿರುವ ಈವೆಂಟ್‌ಗಳಿಗೂ ಅಂಚಿನ ಈವೆಂಟ್‌ಗಳಿಗೂ ನೆತ್ತಿ ಬೇರೆ ಬಂದರೆ, ಆ ವ್ಯತ್ಯಾಸದ ಅರ್ಧದಷ್ಟನ್ನಾದರೂ ಎರಡನೇ ±ಗೆ ಸೇರಿಸೋದು ನ್ಯಾಯ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಪೋರ್ಟಲ್‌ನ ಡೇಟಾ ಈಗಾಗಲೇ ಜೋಡಣೆಯ ತಿದ್ದುಪಡಿ ಆಗಿ ಬಂದದ್ದು. ಎಲ್‌ಎಚ್‌ಸಿ ಪ್ರಯೋಗಗಳು ತಮ್ಮ ಅಳತೆಗೋಲನ್ನು ಸರಿಮಾಡಲು, ಸರಿ ಇದೆಯಾ ಅಂತ ನೋಡಲು ಝೆಡ್ಡನ್ನೇ ಬಳಸುವುದುಂಟು. ಅಂದರೆ ನಿಮಗೆ 91.19 ಹತ್ತಿರ ಬಂದರೆ ಅದರಲ್ಲಿ ಆಶ್ಚರ್ಯ ಕಡಿಮೆ. ಹಾಗಾದರೆ ಆ 91.19 ಮೊದಲು ಎಲ್ಲಿಂದ ಬಂತು?

ಹೆಜ್ಜೆಗಳ ನಡುವೆ ಒಂದು ಕಥೆ: ಚಂದ್ರ, ಕೆರೆ, ರೈಲು

ಈಗ ಎಲ್‌ಎಚ್‌ಸಿ ಇರುವ 27 ಕಿಲೋಮೀಟರ್ ಸುರಂಗದಲ್ಲೇ 1989ರಿಂದ 2000ದವರೆಗೆ ಲೆಪ್ ಎಂಬ ಯಂತ್ರ ಇತ್ತು. ಅದರಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಪ್ಲಸ್ ಚಾರ್ಜಿನ ಎಲೆಕ್ಟ್ರಾನ್) ಡಿಕ್ಕಿ. ಅಲ್ಲಿ ಮರಿ ಕಣಗಳನ್ನು ತೂಗುವ ಗೋಜಿಗೇ ಹೋಗಲಿಲ್ಲ. ಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸುತ್ತಾ ಹೋದರು, ಎಷ್ಟು ಝೆಡ್ ಹುಟ್ಟುತ್ತವೆ ಅಂತ ಎಣಿಸಿದರು. 89.4, 91.2, 93 ಜಿಇವಿ ಹತ್ತಿರ ನಿಂತು ಎಣಿಸಿದರೆ ಗುಡ್ಡದ ಆಕಾರ ಸಿಕ್ಕಿತು. ನಾಲ್ಕು ಪ್ರಯೋಗಗಳು ಸೇರಿ ಎಣಿಸಿದ ಝೆಡ್‌ಗಳು ಸುಮಾರು 1 ಕೋಟಿ 70 ಲಕ್ಷ. ಈಗ ಬೇಕಾದದ್ದು ಪಿಟಿ ಅಲ್ಲ, ಕಿರಣದ ಶಕ್ತಿ ಎಷ್ಟು ಅನ್ನೋದು ಮಾತ್ರ. ಅದನ್ನು ಎಲೆಕ್ಟ್ರಾನ್‌ಗಳ ಸ್ಪಿನ್ ಬಳಸಿ ಅಳೆಯುವ ಒಂದು ಜಾಣ ವಿಧಾನ ಇತ್ತು.

ಆದರೂ ಶಕ್ತಿ ದಿನವಿಡೀ ತೇಲಾಡುತ್ತಿತ್ತು. ಮೊದಲ ಅಪರಾಧಿ ಚಂದ್ರ. ಕಡಲನ್ನು ಉಬ್ಬಿಸುವ ಹಾಗೆ ಅದು ನೆಲವನ್ನೂ ಉಬ್ಬಿಸುತ್ತದೆ. 27 ಕಿಲೋಮೀಟರ್ ಸುತ್ತಳತೆ 1 ಮಿಲಿಮೀಟರ್‌ನಷ್ಟು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅಷ್ಟಕ್ಕೇ ಕಿರಣದ ಶಕ್ತಿ 10 ಎಂಇವಿಯಷ್ಟು ಅಲುಗುತ್ತಿತ್ತು. ಜಿನೀವಾ ಸರೋವರದ ನೀರಿನ ಮಟ್ಟ, ಜೋರು ಮಳೆ ಕೂಡ ಸುರಂಗವನ್ನು ಎಳೆಯುತ್ತಿದ್ದವು. ಇವೆಲ್ಲ ತಿದ್ದಿದ ಮೇಲೂ ಅಯಸ್ಕಾಂತಗಳಲ್ಲಿ ಒಂದು ಗಿಜಿಗಿಜಿ ಉಳಿದಿತ್ತು. ನಡುರಾತ್ರಿ ಕೆಲ ಗಂಟೆ ಅದು ತಣ್ಣಗಾಗುತ್ತಿತ್ತು, ಬೆಳಗಿನ ಜಾವ ಮತ್ತೆ ಶುರು. ಕೊನೆಗೆ ಗೊತ್ತಾಯಿತು, ಅದು ರೈಲು. ಫ್ರಾನ್ಸ್‌ನ ವೇಗದ ಟಿಜಿವಿ ರೈಲುಗಳ ವಿದ್ಯುತ್ ಹಳಿಯಿಂದ ನೆಲಕ್ಕೆ ಸೋರಿ, ಲೆಪ್‌ನ ಕಿರಣದ ಕೊಳವೆಯಲ್ಲಿ ಹರಿಯುತ್ತಿತ್ತು. ರಾತ್ರಿ ರೈಲಿಲ್ಲ, ಗಿಜಿಗಿಜಿಯೂ ಇಲ್ಲ.

ಎಲ್ಲ ತಿದ್ದಿ 2006ರಲ್ಲಿ ಕೊಟ್ಟ ಅಂತಿಮ ಉತ್ತರ 91.1875 ± 0.0021 ಜಿಇವಿ. ಆ ±ನ ದೊಡ್ಡ ಪಾಲು ಕಿರಣದ ಶಕ್ತಿಯ ಅನುಮಾನದಿಂದಲೇ ಬಂದದ್ದು. ನನಗೆ ಕೇಳಿದರೆ ಆ 0.0021ರಲ್ಲಿ 91.1875ಕ್ಕಿಂತ ಜಾಸ್ತಿ ಶ್ರಮ ಇದೆ.

ಹೆಜ್ಜೆ 8: ಉತ್ತರ ಬರೆಯಿರಿ, ಆಮೇಲೆ ಚೀಟಿ ತೆರೆಯಿರಿ

ನೆತ್ತಿ, ಈವೆಂಟ್ ಸಂಖ್ಯೆಯಿಂದ ಬಂದ ±, ಕಿಟಕಿ ಮತ್ತು ಅಳತೆಗೋಲಿನಿಂದ ಬಂದ ±. ಮೂರನ್ನೂ ಬೇರೆ ಬೇರೆ ಬರೆಯಿರಿ. ಸ್ಪ್ರೆಡ್‌ಶೀಟ್ ಒಂಬತ್ತು ದಶಮಾಂಶ ಕೊಡುತ್ತದೆ ಅಂತ ಒಂಬತ್ತನ್ನೂ ಬರೆಯಬೇಡಿ. ± 0.1 ಇದ್ದರೆ ಉತ್ತರವೂ ಒಂದೇ ದಶಮಾಂಶಕ್ಕೆ ನಿಲ್ಲಲಿ. ಇಷ್ಟಾದ ಮೇಲೆ ಸ್ನೇಹಿತರ ಚೀಟಿ ತೆರೆದು ಭಾಗಿಸಿ. ನಿಮ್ಮ ಉತ್ತರ 91.19ರಿಂದ ಎಷ್ಟು ದೂರ ಅನ್ನುವುದಕ್ಕಿಂತ, ಆ ದೂರ ನಿಮ್ಮ ±ಗಳ ಒಳಗೆ ಬಂತಾ ಅನ್ನುವುದನ್ನು ನೋಡಿ. 90.7 ± 0.5 ಅನ್ನೋದು ಒಳ್ಳೆಯ ಅಳತೆ. 91.10 ± 0.03 ಕೆಟ್ಟ ಅಳತೆ.

ಇದು ಕಲಿಯುವವರ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ಝೆಡ್‌ನ ಸೋದರ ಡಬ್ಲ್ಯು ಬೋಸಾನ್ ವಿಷಯದಲ್ಲಿ ದೊಡ್ಡವರ ನಡುವೆಯೇ ಇದು ಎದ್ದು ನಿಂತಿದೆ. ಡಬ್ಲ್ಯು ಒಡೆದಾಗ ಒಂದು ನ್ಯೂಟ್ರಿನೋ ಕಾಣದಂತೆ ಹೊರಟುಹೋಗುತ್ತದೆ. ಹಾಗಾಗಿ ಚೊಕ್ಕ ಗುಡ್ಡ ಏಳೋದೇ ಇಲ್ಲ, ಮ್ಯುವಾನ್ ಪಿಟಿಯ ಹರವಿನ ಅಂಚಿನಿಂದ ಊಹಿಸಬೇಕು. 2022ರಲ್ಲಿ ಸಿಡಿಎಫ್ ಕೊಟ್ಟ ಉತ್ತರ 80,433.5 ± 9.4 ಎಂಇವಿ. 2024ರಲ್ಲಿ ಸಿಎಂಎಸ್ ಕೊಟ್ಟದ್ದು 80,360.2 ± 9.9 ಎಂಇವಿ. ಎರಡನೆಯದು ಮೂಲಕಣಗಳ ಈಗಿನ ಸಿದ್ಧಾಂತವಾದ ಸ್ಟಾಂಡರ್ಡ್ ಮಾಡೆಲ್ ಹೇಳುವುದಕ್ಕೆ ಹೊಂದುತ್ತದೆ, ಮೊದಲನೆಯದು ಹೊಂದುವುದಿಲ್ಲ. ನಡುವಿನ ಅಂತರ 73 ಎಂಇವಿ. ಎರಡೂ ±ಗಳನ್ನು ನಂಬಿದರೆ ಇಷ್ಟು ಅಂತರ ಕಾಕತಾಳೀಯವಾಗಿ ಬರೋದು ಅಸಾಧ್ಯಕ್ಕೆ ಹತ್ತಿರ. ಹಾಗಾಗಿ ಒಂದರ ± ಆದರೂ ಚಿಕ್ಕದಾಯಿತು ಅಂತಲೇ ನನ್ನ ಎಣಿಕೆ. ಅಂದಹಾಗೆ ಸಿಎಂಎಸ್ ತನ್ನ ಮ್ಯುವಾನ್ ಅಳತೆಗೋಲನ್ನು ಸರಿಮಾಡಿದ್ದು ಜೆ-ಸೈ ಇಟ್ಟುಕೊಂಡೇ. ಸರಿಯಾಯಿತಾ ಅಂತ ನೋಡಿದ್ದು ಝೆಡ್ ಮೇಲೆ.

ಹೆಜ್ಜೆ 9: ಎಲೆಕ್ಟ್ರಾನ್‌ನಲ್ಲಿ ಮತ್ತೊಮ್ಮೆ

ನಿಮ್ಮ ±ನ ನಿಜವಾದ ಪರೀಕ್ಷೆ ಬೇಕಿದ್ದರೆ ಅದೇ ಝೆಡ್ ಎರಡು ಎಲೆಕ್ಟ್ರಾನ್ ಆಗಿ ಒಡೆದ ಫೈಲ್ ತೆಗೆದುಕೊಳ್ಳಿ. ಅದೂ ಅಲ್ಲೇ ಇದೆ. ಸೂತ್ರ ಅದೇ, ಅಳತೆಗೋಲು ಬೇರೆ. ಇಷ್ಟು ಜೋರಾಗಿ ಓಡುವ ಎಲೆಕ್ಟ್ರಾನ್‌ನ ಶಕ್ತಿಯನ್ನು ಮುಖ್ಯವಾಗಿ ಲೆಡ್ ಟಂಗ್‌ಸ್ಟೇಟ್ ಹರಳುಗಳು ಅಳೆಯುತ್ತವೆ. ಸಿಎಂಎಸ್‌ನಲ್ಲಿ ಅಂಥ 75,000ಕ್ಕೂ ಹೆಚ್ಚು ಹರಳುಗಳಿವೆ.

ಫೈಲ್‌ನ ಟೈಪ್ ಕಾಲಂನಲ್ಲಿ ಇಬಿ ಅಂತಿದ್ದರೆ ಎಲೆಕ್ಟ್ರಾನ್ ನಡುವಿನ ಪೀಪಾಯಿ ಭಾಗಕ್ಕೆ ಬಡಿದಿದೆ, ಇಇ ಅಂತಿದ್ದರೆ ತುದಿಯ ಮುಚ್ಚಳಕ್ಕೆ. ಮುಚ್ಚಳದ ಮುಂದೆ ಪ್ರೀಶವರ್ ಎಂಬ ಸಿಲಿಕಾನ್ ಪದರ ಇದೆ. ಅದರ ಸೆನ್ಸರ್‌ಗಳಲ್ಲಿ ಒಂದು ಪಾಲು ತಯಾರಾದದ್ದು ಬೆಂಗಳೂರಿನ ಬಿಇಎಲ್‌ನಲ್ಲಿ. ನಿಮ್ಮ ಇಇ ಸಾಲುಗಳಲ್ಲಿ ಬಹಳಷ್ಟು ಎಲೆಕ್ಟ್ರಾನ್‌ಗಳು ಆ ಪದರ ದಾಟಿ ಬಂದವು.

ಇಬಿ-ಇಬಿ ಜೋಡಿ ಒಂದು ಹಿಸ್ಟೋಗ್ರಾಂ, ಇಇ-ಇಇ ಜೋಡಿ ಇನ್ನೊಂದು, ಬೆರಕೆ ಮೂರನೆಯದು. ಮೂರರ ನೆತ್ತಿಗಳನ್ನೂ ಮ್ಯುವಾನ್ ನೆತ್ತಿಯನ್ನೂ ಒಂದೇ ಗ್ರಾಫ್ ಮೇಲೆ ಅವುಗಳ ± ಸಮೇತ ಇಡಿ. ಇಇ-ಇಇ ಗುಡ್ಡ ಇಬಿ-ಇಬಿಗಿಂತ ಅಗಲ ಇರುತ್ತದೆ, ಗಾಬರಿ ಬೇಡ. ನಾಲ್ಕೂ ನೆತ್ತಿಗಳು ±ಗಳ ಒಳಗೆ ಕೂಡಿಬಂದರೆ ಸರಿ. ಕೂಡದಿದ್ದರೆ ಮೊದಲು ಇಇ ಸಾಲುಗಳನ್ನು ಈಟಾ ಪ್ರಕಾರ ಹೋಳು ಮಾಡಿ ನೋಡಿ.